ಫೀಲ್ಡ್ ಮಾರ್ಷಲ್ ಸ್ಲಿಮ್ಮರ ‘ಡಿಫೀಟ್ ಇಂಟು ವಿಕ್ಟರಿ’: ಒಂದು ವಿಮರ್ಶೆ

ಸೇನಾಧಿಪತಿಗಳ ಆತ್ಮವೃತ್ತಾಂತಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವಾಗ ನಾವು ಸಂಶಯದಿಂದಲೇ ಆರಂಭಿಸುವುದು ವಾಡಿಕೆ. ಗೆದ್ದುದು ತಮ್ಮ ದೂರದೃಷ್ಟಿಯಿಂದ, ಸೋತುದು ಅನ್ಯರ ಅವಿವೇಕದಿಂದ ಎಂಬುದೇ ಅವುಗಳ ಸಾಮಾನ್ಯ ಧಾಟಿ. ವಿಲಿಯಂ ಸ್ಲಿಮ್ಮರು ೧೯೫೬ರಲ್ಲಿ ಪ್ರಕಟಿಸಿದ ಬರ್ಮಾ ಸಮರದ ಈ ಗ್ರಂಥವು ಆ ಧಾಟಿಗೆ ಅಪವಾದವೆಂದು ಹೆಸರಾಗಿದೆ. ಆ ಹೆಸರು ಎಷ್ಟರಮಟ್ಟಿಗೆ ಸಲ್ಲುವುದೆಂಬುದೇ ಇಲ್ಲಿ ನಮ್ಮ ವಿಚಾರ.

ಗ್ರಂಥಕರ್ತರು ೧೮೯೧ರಲ್ಲಿ ಬ್ರಿಸ್ಟಲ್ ನಗರದ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದರು. ಕೆಲಕಾಲ ಉಪಾಧ್ಯಾಯರೂ ಗುಮಾಸ್ತರೂ ಆಗಿದ್ದರು. ೧೯೧೫ರಲ್ಲಿ ಗ್ಯಾಲಿಪೊಲಿಯಲ್ಲಿ ಗಾಯಗೊಂಡರು. ಮುಂದೆ ಭಾರತೀಯ ಸೈನ್ಯದ ಗೂರ್ಖಾ ದಳವನ್ನು ಸೇರಿದರು. ಆದಾಯ ಸಾಲದೆ ಗುಪ್ತನಾಮದಿಂದ ಪತ್ರಿಕೆಗಳಿಗೆ ಕಥೆ ಬರೆದವರಿವರು. ಇವರ ಗದ್ಯದ ಸರಳತೆಗೆ ಆ ಅಭ್ಯಾಸವೂ ಕಾರಣವಿದ್ದೀತು. ೧೯೪೮ರಲ್ಲಿ ಬ್ರಿಟಿಷ್ ಸೈನ್ಯದ ಪರಮೋಚ್ಚ ಸ್ಥಾನಕ್ಕೇರಿ, ೧೯೫೩ರಿಂದ ೧೯೬೦ರವರೆಗೆ ಆಸ್ಟ್ರೇಲಿಯದ ಗವರ್ನರ್ ಜನರಲ್ ಆಗಿದ್ದು, ೧೯೭೦ರಲ್ಲಿ ನಿಧನರಾದರು.

ಗ್ರಂಥದ ಸತ್ತ್ವವಿರುವುದು ಅದರ ತಪ್ಪೊಪ್ಪಿಗೆಗಳಲ್ಲಿ. ೧೯೪೨ರ ಮಾರ್ಚಿಯಲ್ಲಿ ಬರ್ಮಾ ದಳದ ಅಧಿಪತ್ಯ ವಹಿಸಿ, ಸುಮಾರು ೯೦೦ ಮೈಲಿಗಳ ಹಿಮ್ಮೆಟ್ಟುವಿಕೆಯನ್ನು ನಡೆಸಿದ ಸ್ಲಿಮ್ಮರು, ಆ ಸೋಲಿನಲ್ಲಿ ತಮ್ಮ ಪಾಲನ್ನು ಮರೆಮಾಚುವುದಿಲ್ಲ. ೧೯೪೪ರ ಪ್ರಕರಣ ಇನ್ನೂ ಗಮನಾರ್ಹವಾದುದು. ಜಪಾನೀಯರು ಕೊಹಿಮಾಕ್ಕೆ ಒಂದು ರೆಜಿಮೆಂಟಿಗಿಂತ ಹೆಚ್ಚು ಬಲವನ್ನು ಕಳುಹಿಸಲಾರರೆಂದು ಅವರು ಎಣಿಸಿದ್ದರು. ಬಂದುದು ಒಂದು ಇಡೀ ಡಿವಿಷನ್. ತಮ್ಮ ಈ ಪ್ರಮಾದವನ್ನು ಸೈನಿಕರ ಶೌರ್ಯವೇ ಸರಿಪಡಿಸಿತೆಂದು ಗೆದ್ದ ದಂಡನಾಯಕನೇ ಬರೆಯುವುದು ವಿರಳ. ಯುದ್ಧವೆಂದರೆ ಕೇವಲ ವ್ಯೂಹರಚನೆಯೆಂದು ಭಾವಿಸುವ ವಿದ್ಯಾರ್ಥಿಗಳು ಸರಬರಾಜು ಮತ್ತು ರೋಗಗಳನ್ನು ಕುರಿತ ಅಧ್ಯಾಯಗಳನ್ನು ಅವಶ್ಯವಾಗಿ ಓದಬೇಕು. ೧೯೪೩ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಲ್ಪಟ್ಟ ಒಬ್ಬೊಬ್ಬನಿಗೆ ರೋಗದಿಂದ ಸಾಗಿಸಲ್ಪಟ್ಟವರು ೧೨೦ ಮಂದಿ. ಮಲೇರಿಯಾ ನಿವಾರಕ ಮಾತ್ರೆಯನ್ನು ಸೈನಿಕರು ನುಂಗಿರುವರೇ ಎಂದು ಹಠಾತ್ತನೆ ಪರೀಕ್ಷಿಸಿ, ಲೋಪ ಕಂಡಲ್ಲಿ ದಳಪತಿಯನ್ನೇ ವಜಾ ಮಾಡಿದರು. ಮೂವರು ಹೋದ ಮೇಲೆ ಉಳಿದವರಿಗೆ ಅರ್ಥವಾಯಿತಂತೆ. ರೇಷ್ಮೆ ದೊರೆಯದಿದ್ದಾಗ ಸೆಣಬಿನಿಂದ ಪ್ಯಾರಾಚೂಟುಗಳನ್ನು ಮಾಡಿಸಿದ ವೃತ್ತಾಂತವೂ ಇಲ್ಲಿಯೇ ಇದೆ.

ಆದರೆ ಈ ನಿಷ್ಕಾಪಟ್ಯಕ್ಕೆ ಮೇರೆಗಳಿವೆ. ೧೯೪೫ರ ಮೇ ತಿಂಗಳಲ್ಲಿ, ರಂಗೂನು ವಶವಾದ ಬೆನ್ನಲ್ಲೇ, ಮೇಲಧಿಕಾರಿ ಆಲಿವರ್ ಲೀಸರು ಸ್ಲಿಮ್ಮರನ್ನು ಹದಿನಾಲ್ಕನೆಯ ಸೈನ್ಯದ ಅಧಿಪತ್ಯದಿಂದ ತೆಗೆಯಲೆತ್ನಿಸಿದರು. ಸೈನ್ಯದಲ್ಲಿ ಅಸಮಾಧಾನವೆದ್ದು ಕೊನೆಗೆ ಲೀಸರೇ ಪದಚ್ಯುತರಾದರು, ಅವರ ಸ್ಥಾನ ಸ್ಲಿಮ್ಮರಿಗೆ ಬಂದಿತು. ಗ್ರಂಥದಲ್ಲಿ ಈ ಸಂಗತಿಯ ಸುಳಿವಿಲ್ಲ. ಇದನ್ನು ಸೌಜನ್ಯವೆಂದು ಕೊಂಡಾಡುವವರುಂಟು. ನಮಗಾದರೋ, ಸೌಜನ್ಯವೂ ಆಕರವನ್ನು ಊನಗೊಳಿಸಬಲ್ಲುದೆಂದೇ ತೋರುತ್ತದೆ.

ಇದಕ್ಕಿಂತ ಗುರುತರವಾದುದು ಆಜಾದ್ ಹಿಂದ್ ಫೌಜಿನ ವಿಷಯ. ಬಹುಸಂಖ್ಯಾತ ಭಾರತೀಯರಿಂದಲೇ ಕೂಡಿದ್ದ ತಮ್ಮ ಸೈನ್ಯವನ್ನು ಅಕ್ಕರೆಯಿಂದ ವರ್ಣಿಸುವ ಲೇಖಕರು, ಎದುರುಪಕ್ಷದಲ್ಲಿದ್ದ ಭಾರತೀಯರನ್ನು ಲಘುವಾಗಿ ಕಂಡು ಮುಂದೆ ಸಾಗುವರು. ಶರಣಾಗಬಂದವರನ್ನು ಸಹ ತಮ್ಮ ಸಿಪಾಯಿಗಳು ಬದುಕಗೊಡದಿರಲು ಮೃದುವಾಗಿ ವರ್ತಿಸಿರೆಂದು ಆಜ್ಞೆ ಹೊರಡಿಸಬೇಕಾಯಿತೆಂದು ಹೇಳಿ ನಿಲ್ಲಿಸುವರು. ಸೈನಿಕದೃಷ್ಟಿಯಿಂದ ಆ ಫೌಜಿನ ಪರಿಣಾಮ ಅಲ್ಪವೆಂಬುದು ನಿಜವಿರಬಹುದು. ಆದರೆ ಐರಾವತಿ ನದಿಯನ್ನು ದಾಟಿದ ಸಾಹಸ ಈ ಗ್ರಂಥದ ಅತ್ಯಂತ ಹೆಮ್ಮೆಯ ಭಾಗ. ನ್ಯಾಂಗೂ ಬಳಿ ಆ ದಾಟುವಿಕೆಗೆ ಎದುರಾಗಿ ನಿಂತಿದ್ದವರಲ್ಲಿ ಗುರುಬಕ್ಷ್ ಸಿಂಗ್ ಧಿಲ್ಲೋನರ ದಳವೂ ಇತ್ತು. ಅದೇ ಧಿಲ್ಲೋನರು ೧೯೪೫ರ ನವೆಂಬರಿನಲ್ಲಿ ಷಾ ನವಾಜ್ ಖಾನ್ ಮತ್ತು ಪ್ರೇಮ್ ಸಹಗಲ್‌ರೊಡನೆ ದೆಹಲಿಯ ಕೆಂಪುಕೋಟೆಯಲ್ಲಿ ಆಪಾದಿತರಾಗಿ ನಿಂತರು. ಅವರ ಪರವಾಗಿ ವಾದಿಸಲು ಭೂಲಾಭಾಯಿ ದೇಸಾಯಿಯವರು ಎದ್ದರು.