ಒಂದೇ ಕೊಟ್ಟಿಗೆಯ ಪಾಲುದಾರರು

ಕಥೆ, ಕವಿತೆಗಳನ್ನು ಓದುವ ಎಚ್ಚರದಲ್ಲೇ ಅಂಕಿಗಳ ನಕ್ಷೆಯನ್ನೂ ಓದಬೇಕು ಎಂದು ನನಗೆ ಅನ್ನಿಸಿದ್ದು ಹನ್ನಾ ರಿಚಿಯವರ ಲೇಖನದಿಂದ. 2020ರ ಜನವರಿಯಲ್ಲಿ 'ಅವರ್ ವರ್ಲ್ಡ್ ಇನ್ ಡೇಟಾ' ತಾಣದಲ್ಲಿ ಬಂದ ಬರಹ ಅದು. ಒಂದು ಕಿಲೋ ಆಹಾರ ಹೊಲದಿಂದ ಅಂಗಡಿ ಮುಟ್ಟುವಷ್ಟರಲ್ಲಿ ಎಷ್ಟು ಕಿಲೋ ಹಸಿರುಮನೆ ಅನಿಲ ಹೊರಬೀಳುತ್ತದೆ ಎಂಬುದನ್ನು ಅಲ್ಲಿನ ನಕ್ಷೆ ತೋರಿಸುತ್ತದೆ. ದನದ ಮಾಂಸಕ್ಕೆ ಸುಮಾರು 60, ಅಕ್ಕಿಗೆ 4, ಹಾಲಿಗೆ 3.

ರಿಚಿಯವರ ವಾದ ಸರಳ: ಆಹಾರ ಎಷ್ಟು ದೂರದಿಂದ ಬಂತು ಎನ್ನುವುದಕ್ಕಿಂತ ಏನು ತಿನ್ನುತ್ತೀರಿ ಎನ್ನುವುದು ಮುಖ್ಯ. ಆಹಾರದ ಒಟ್ಟು ಹೊರಸೂಸುವಿಕೆಯಲ್ಲಿ ಸಾಗಾಟದ ಪಾಲು ಶೇ. 6ರಷ್ಟು ಮಾತ್ರ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಊರಲ್ಲೇ ಬೆಳೆದದ್ದೆಲ್ಲ ತಾನಾಗಿ ಪರಿಶುದ್ಧ ಎಂಬ ಧಾಟಿ ನಮ್ಮ ಪರಿಸರ ಬರಹಗಳಲ್ಲಿ ಬೇರೂರಿದೆ. ಮಂಡ್ಯದ ನಾಲೆ ಬಯಲಿನಲ್ಲಿ ನೀರು ನಿಂತ ಗದ್ದೆಯ ಕೆಸರಿಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ಆ ಅಕ್ಕಿ ಮೈಸೂರಿಗೆ ಹೋಗಲಿ, ದಿಲ್ಲಿಗೆ ಹೋಗಲಿ, ಲೆಕ್ಕದ ಬಹುಪಾಲು ಗದ್ದೆಯಲ್ಲೇ ಮುಗಿದಿರುತ್ತದೆ.

ನನ್ನ ತಕರಾರು ಇರುವುದು ಈ ನಕ್ಷೆಯನ್ನು ನಾವು ಓದುವ ರೀತಿಯ ಬಗ್ಗೆ. ಪಕ್ಕದವರ ತಟ್ಟೆ ಇಣುಕಿ ಜಾತಿ ಅಳೆಯುವ ನಾಡು ಇದು. ಇಲ್ಲಿ ಮೇಲಿನ ಒಂದೇ ಗೆರೆಯನ್ನು ಕತ್ತರಿಸಿಕೊಂಡು ಸಸ್ಯಾಹಾರದ ಮಡಿಗೆ ವಿಜ್ಞಾನದ ಮುದ್ರೆ ಒತ್ತುವುದು ಬಹಳ ಸುಲಭ. ಆದರೆ ಕೆಳಗಿನ ಗೆರೆಗಳನ್ನೂ ಓದಬೇಕಲ್ಲ? ಚೀಸ್‌ಗೆ 21, ಹಂದಿ ಮಾಂಸಕ್ಕೆ 7, ಕೋಳಿಗೆ 6. ಒಂದು ಕಿಲೋ ಚೀಸ್‌ಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ನಮ್ಮ ಪನೀರು, ತುಪ್ಪ ಈ ನಕ್ಷೆಯಲ್ಲಿಲ್ಲ, ಆದರೆ ಅವೂ ಬಹಳಷ್ಟು ಹಾಲು ಸೇರಿ ಆದವೇ.

ದನದ ಮಾಂಸಕ್ಕೂ ಅಲ್ಲಿ ಎರಡು ಗೆರೆಗಳಿವೆ. ಮಾಂಸಕ್ಕೆಂದೇ ಸಾಕಿದ ದನದ್ದು 60, ಹಾಲಿನ ಹಿಂಡಿನಿಂದ ಬಂದದ್ದು 21. ಎರಡನೆಯದು ಇಷ್ಟು ಇಳಿಯುವುದಕ್ಕೆ ಕಾರಣ, ಆ ಹಿಂಡಿನ ಹೊರೆಯನ್ನು ಹಾಲಿಗೂ ಮಾಂಸಕ್ಕೂ ಹಂಚಿರುವುದು. ನಮ್ಮಲ್ಲಿ ಮಾಂಸಕ್ಕೆಂದೇ ದನದ ಹಿಂಡು ಸಾಕುವ ಪದ್ಧತಿ ಇಲ್ಲವೆನ್ನುವಷ್ಟು ಕಡಿಮೆ. ಅಂದಮೇಲೆ ಇಲ್ಲಿ ಹಾಲು ಕುಡಿಯುವವರೂ ದನ ತಿನ್ನುವವರೂ ಒಂದೇ ಕೊಟ್ಟಿಗೆಯ ಪಾಲುದಾರರು. ಒಬ್ಬರ ಪಾಲನ್ನು ಮುಚ್ಚಿಟ್ಟು ಇನ್ನೊಬ್ಬರದನ್ನು ಬೀದಿಗೆ ತರುವುದು ನ್ಯಾಯವಲ್ಲ.

ಕಿಲೋ ಎಂಬ ಅಳತೆಯೂ ಅನುಮಾನಕ್ಕೆ ಅರ್ಹ. ಕಾಫಿಗೆ 17, ಅಂದರೆ ಕೋಳಿಗಿಂತ ಎಷ್ಟೋ ಮೇಲೆ! ಒಂದು ಕಿಲೋ ಕೋಳಿ ಮನೆಮಂದಿಗೆ ಒಂದು ಹೊತ್ತಿಗೆ ಸಾಕು. ಒಂದು ಕಿಲೋ ಕಾಫಿಪುಡಿ ಅದೇ ಮನೆಯಲ್ಲಿ ವಾರಗಟ್ಟಲೆ ಬರುತ್ತದೆ.

ಈ ನಕ್ಷೆಯ ಮೂಲ, ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಬಂಧ. 119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿ ಅದರಲ್ಲಿದೆ. ನನಗೆ ನಕ್ಷೆಗಿಂತ ಪ್ರಬಂಧವೇ ದೊಡ್ಡದಾಗಿ ಕಾಣುತ್ತದೆ. ಅದರ ನಿಜವಾದ ಸುದ್ದಿ ಸರಾಸರಿಯಲ್ಲ, ಅಂತರ. ದನದ ಮಾಂಸದಲ್ಲೇ, ಅಷ್ಟೇ ಪ್ರೋಟೀನಿಗೆ, ಅತಿ ಹೆಚ್ಚು ಹೊರೆ ಹಾಕುವ ಉತ್ಪಾದಕರು ಕಡಿಮೆ ಹೊರೆಯವರಿಗಿಂತ 12 ಪಟ್ಟು ಅನಿಲ ಹೊರಬಿಡುತ್ತಾರೆ. ಸರಾಸರಿಯ ಗೆರೆ ಈ ಅಂತರವನ್ನೆಲ್ಲ ನುಂಗಿ ಕೂತಿದೆ.

ಅತ್ಯಂತ ಹಗುರ ಹೆಜ್ಜೆಯ ಮಾಂಸ, ಹಾಲು ಕೂಡ ಸಾಮಾನ್ಯವಾಗಿ ಕಾಳು-ಬೇಳೆಗಿಂತ ಭಾರವೇ ಎಂದೂ ಆ ಪ್ರಬಂಧ ಹೇಳುತ್ತದೆ. ಅದನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇಲ್ಲ. ಆದರೆ ಅವರು ಲೆಕ್ಕ ಹಾಕಿದ ಸುಮಾರು ನಲವತ್ತು ಪದಾರ್ಥಗಳಲ್ಲಿ ಅಕ್ಕಿ, ಗೋಧಿ, ಮೆಕ್ಕೆಜೋಳ, ಓಟ್ಸ್, ಬಿಯರು, ವೈನು ಎಲ್ಲ ಇವೆ. ನೀರು ನಿಲ್ಲದ ಹೊಲದಲ್ಲಿ ಮಳೆ ನಂಬಿ ಬೆಳೆಯುವ ರಾಗಿ ಮಾತ್ರ ಇಲ್ಲ.