ಕೊಬ್ಬರಿ ಉಳಿಸುವ ಓಟ

ಬಲಿಪಾಡ್ಯಮಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕಟ್ಟೆಗಳ ಮೇಲೆ ಒಂದೇ ವಾದ: ಈ ಹಂಗಾಮಿನಲ್ಲಿ ಕೈಗೆ ಸಿಗದ ಹೋರಿ ಯಾವುದು? ಊರಿನ ಹೆಸರಿಗೆ ಹುಲಿ, ಡಾನ್, ಎಕ್ಸ್‌ಪ್ರೆಸ್ ಎಂದು ಬಿರುದು ಸೇರಿಸಿಕೊಂಡ ಹೋರಿಗಳಿಗೆ ಅಭಿಮಾನಿ ಬಳಗಗಳೇ ಇವೆ.

ಈ ಹೋರಿ ಓಟದ ನಿಯಮ ಸರಳ. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಜೂಲ ಹೊದಿಸಿ, ಬಲೂನು ಕಟ್ಟಿ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಇಕ್ಕೆಲಗಳಲ್ಲಿ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಸರ ಉಳಿಸಿಕೊಂಡು ಪಾರಾದದ್ದೇ ಗೆದ್ದ ಹೋರಿ. ಶಿಕಾರಿಪುರ, ಸೊರಬದ ಕಡೆ ಎತ್ತರದ ಅಲಂಕಾರ ಹೊತ್ತ ಪೀಪಿ ಹೋರಿಗಳ ಸೊಗಸೇ ಬೇರೆ.

ಬರೀ ಓಟ ನೋಡಿ ಹೋರಿ ಅಳೆಯುವವರು ಅರ್ಧ ಮಾತ್ರ ನೋಡಿರುತ್ತಾರೆ; ತಳಿಯನ್ನೂ ನೋಡಬೇಕು. ಖಿಲಾರಿ ತಳಿಯನ್ನೇ ತೆಗೆದುಕೊಳ್ಳಿ. ಬಿಳಿ ಮೈ, ಉದ್ದ ಕಾಲು, ನೀಳ ಹೆಜ್ಜೆ; ಬಿಟ್ಟ ಮರುಕ್ಷಣವೇ ವೇಗ ಹಿಡಿಯುತ್ತದೆ. ಬಯಲು ತೆರೆದಿದ್ದರೆ ಅದನ್ನು ಮುಟ್ಟುವವರಿಲ್ಲ. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ, ನವಿಲುಧಾಮದ ನಡುವೆ, ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ.

ಅಮೃತ್‌ಮಹಲ್ ತಳಿಯದು ಬೇರೆ ಬಗೆಯ ಧೈರ್ಯ. ಮೈಸೂರಿನ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದ ದಂಡಿನ ದನ ಇದು. ಹೈದರ್ ಅಲಿಯ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿ ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. ಹಿಂದಕ್ಕೆ ಬಾಗಿದ ಚೂಪು ಕೊಂಬು, ಅಪರಿಚಿತರನ್ನು ಸಹಿಸದ ಸ್ವಭಾವ. ಗುಂಪು ಎದುರಾದರೆ ಇದು ನಿಲ್ಲುವುದಿಲ್ಲ, ಕೊಂಬು ಬೀಸಿ ದಾರಿ ಮಾಡಿಕೊಳ್ಳುತ್ತದೆ. ಕಿರಿದಾದ, ಜನ ಒತ್ತರಿಸಿದ ಅಖಾಡದಲ್ಲಿ ಖಿಲಾರಿಗಿಂತ ಇದರ ಮೇಲೆಯೇ ಹೆಚ್ಚು ನಂಬಿಕೆ ಇಡಬಹುದು. ತಮಿಳುನಾಡಿನಿಂದ ಲಕ್ಷಗಟ್ಟಲೆ ಕೊಟ್ಟು ತರುವ ಹೋರಿಗಳೂ ಈಗ ಪೈಪೋಟಿಗಿವೆ. ಆದರೆ ಜಲ್ಲಿಕಟ್ಟಿನಲ್ಲಿ ಡುಬ್ಬ ಹಿಡಿದವನನ್ನು ಕೊಡವಲು ಕಲಿತ ಪ್ರಾಣಿಗೆ ಇಲ್ಲಿಯ ನೇರ ಓಟ ಹೊಸ ಪಾಠ.

ಇಷ್ಟಾದರೂ ಗೆಲುವು ಹುಟ್ಟುವುದು ಹಟ್ಟಿಯಲ್ಲಿ. ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ, ಕೆರೆಯಲ್ಲಿ ಈಜಿಸಿ, ದಿನವೂ ಮೈ ತಿಕ್ಕಿ ಸಾಕಿದ ಹೋರಿ ಗದ್ದಲಕ್ಕೆ ಬೆದರಿ ದಿಕ್ಕು ತಪ್ಪುವುದು ಕಡಿಮೆ. ನೋಡಬೇಕಾದ್ದು ಅಖಾಡದ ನಡುಭಾಗ: ಮೊದಲ ಕೈ ಬಿದ್ದಾಗ ತಲೆ ತಗ್ಗಿಸುತ್ತದೆಯೋ, ಮಗ್ಗುಲು ಬದಲಿಸುತ್ತದೆಯೋ, ನಿಂತೇಬಿಡುತ್ತದೆಯೋ.

2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದಾಗ ಇಲ್ಲಿಯೂ ಆತಂಕ ಹಬ್ಬಿತ್ತು. 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳು ಇಂಥ ಕ್ರೀಡೆಗಳಿಗೆ ಅವಕಾಶ ಕೊಟ್ಟು ತಂದ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ಜೀವಹಾನಿ ಮಾತ್ರ ನಿಂತಿಲ್ಲ; ನೋಡಲು ಬಂದವರೂ ತಿವಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಗಟ್ಟಿ ಬೇಲಿ, ಆಂಬುಲೆನ್ಸ್, ಪಶುವೈದ್ಯರು ಇಲ್ಲದ ಕಡೆ ಹೋರಿ ಬಿಡಲೇಬಾರದು.

ಸಮಿತಿಗಳು ಮಾಡಬಹುದಾದ ಇನ್ನೊಂದು ಕೆಲಸವಿದೆ. ಬಹುಮಾನದ ಬೈಕಿನ ಜೊತೆಗೆ ಹೋರಿಯ ತಳಿ, ವಯಸ್ಸು, ಉಳಿದ ಕೊಬ್ಬರಿಯ ಲೆಕ್ಕವನ್ನೂ ಬರೆದಿಟ್ಟರೆ ಕಟ್ಟೆಯ ವಾದಕ್ಕೆ ಆಧಾರ ಸಿಗುತ್ತದೆ, ಯಾವ ತಳಿಯನ್ನು ಉಳಿಸಿ ಬೆಳೆಸಬೇಕೆಂಬುದು ರೈತರಿಗೂ ತಿಳಿಯುತ್ತದೆ.