ಹೊಸ್ತಿಲ ಕೆಳಗಿನ ಪೂರ್ವಗ್ರಹ: ಒಂದು ಸಂಶೋಧನಾ ವಿಧಾನದ ವಿಮರ್ಶೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಬೇಲರ್ ವಿಶ್ವವಿದ್ಯಾಲಯದ ಮೇಗನ್ ಜಾನ್ಸನ್, ವೇಡ್ ರೊವಾಟ್ ಮತ್ತು ಜೋರ್ಡನ್ ಲಬೂಫ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಲೇಖನವೊಂದರ ಶೀರ್ಷಿಕೆಯೇ ದೇವಶಾಸ್ತ್ರದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸುವಂಥದು. ಕ್ರೈಸ್ತ ಧಾರ್ಮಿಕ ಪರಿಕಲ್ಪನೆಗಳನ್ನು ಮನಸ್ಸಿನಲ್ಲಿ ಎಚ್ಚರಗೊಳಿಸಿದರೆ ಜನಾಂಗೀಯ ಪೂರ್ವಗ್ರಹ ಹೆಚ್ಚುತ್ತದೆ ಎಂಬುದು ಅದರ ಪ್ರತಿಪಾದನೆ. ಬೇಲರ್ ಬ್ಯಾಪ್ಟಿಸ್ಟರ ವಿದ್ಯಾಸಂಸ್ಥೆ, ಸ್ಥಾಪನೆಯಾದದ್ದು 1845ರಲ್ಲಿ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರದವರಿಂದ ಬೇರ್ಪಟ್ಟು ದಕ್ಷಿಣದ ಬ್ಯಾಪ್ಟಿಸ್ಟರು ತಮ್ಮದೇ ಒಕ್ಕೂಟವನ್ನು ಕಟ್ಟಿಕೊಂಡ ವರ್ಷವೂ ಅದೇ. ಆದುದರಿಂದ ಈ ಮಾತು ಸಭೆಯ ಹೊರಗಿನ ವಿರೋಧಿಯ ಬಾಯಿಂದ ಬಂದದ್ದಲ್ಲ. ಇದನ್ನು ತಳ್ಳಿಹಾಕುವ ಮೊದಲೂ, ಪ್ರಸಂಗಪೀಠದಿಂದ ಉಲ್ಲೇಖಿಸುವ ಮೊದಲೂ, ಇದು ಯಾವ ವಿಧಾನದಿಂದ ದೊರೆತ ಫಲವೆಂದು ಕೇಳುವುದು ನಮ್ಮ ಕರ್ತವ್ಯ.

ವಿಧಾನ ಹೀಗಿದೆ. ಭಾಗವಹಿಸುವವನು ಗಣಕಯಂತ್ರದ ಪರದೆಯ ಮುಂದೆ ಕುಳಿತು, ಕಾಣಿಸುವ ಅಕ್ಷರಗಳ ಗುಂಪು ನಿಜವಾದ ಪದವೋ ಅಲ್ಲವೋ ಎಂದು ಗುಂಡಿ ಒತ್ತಿ ತಿಳಿಸಬೇಕು. ಪ್ರತಿ ಸಲವೂ ಅದಕ್ಕೆ ಮುನ್ನ ಇನ್ನೊಂದು ಪದ ಕೆಲವೇ ಹತ್ತು ಮಿಲಿಸೆಕೆಂಡು ಮಿಂಚಿ, ಅದರ ಮೇಲೆ ಅರ್ಥವಿಲ್ಲದ ಅಕ್ಷರಗಳ ಮುಸುಕು ಬೀಳುತ್ತದೆ. ಮುಸುಕಿನ ಹಿಂದಿನ ಪದವನ್ನು ಆತ ಓದಿದೆನೆಂದು ಹೇಳಲಾರ; ಆದರೂ ಅದು ಮನಸ್ಸನ್ನು ಮುಟ್ಟಿರುತ್ತದೆಂಬುದು ಸಂಶೋಧಕರ ಊಹೆ. ಇದಕ್ಕೆ ಸಬ್‌ಲಿಮಿನಲ್ ಪ್ರೈಮಿಂಗ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯ 'ಲೈಮೆನ್' ಎಂದರೆ ಹೊಸ್ತಿಲು. ಅರಿವಿನ ಹೊಸ್ತಿಲಿಗೂ ಕೆಳಗೆ ಮನಸ್ಸನ್ನು ಅಣಿಗೊಳಿಸುವುದು ಎಂದು ಅರ್ಥ. ಬೇಲರ್ ಪ್ರಯೋಗದಲ್ಲಿ ಒಂದು ಗುಂಪಿಗೆ ಬೈಬಲ್, ಸುವಾರ್ತೆ, ಪ್ರಾರ್ಥನೆ ಮೊದಲಾದ ಪದಗಳನ್ನೂ ಇನ್ನೊಂದು ಗುಂಪಿಗೆ ಧರ್ಮದೊಡನೆ ಸಂಬಂಧವಿಲ್ಲದ ಸಾಧಾರಣ ಪದಗಳನ್ನೂ ಹೀಗೆ ತೋರಿಸಲಾಯಿತು.

ಇಲ್ಲಿ ಓದುಗರು ಬೆರೆಸಿಬಿಡುವ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ರಸೆಲ್ ಫಾಜಿಯೊ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಪ್ರೈಮಿಂಗನ್ನು ಅಳತೆಗೋಲಾಗಿ ಬಳಸಿದರು. ಕಪ್ಪು ಅಥವಾ ಬಿಳಿ ಜನರ ಮುಖವನ್ನು ತೋರಿಸಿ, ಬಳಿಕ ಬರುವ ವಿಶೇಷಣ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರು. ಕಪ್ಪು ಮುಖದ ನಂತರ ಕೆಟ್ಟ ವಿಶೇಷಣವನ್ನು ಗುರುತಿಸುವುದು ಬೇಗನಾದರೆ, ಮನಸ್ಸಿನಲ್ಲಿ ಅವೆರಡಕ್ಕೂ ನಂಟಿದೆ ಎಂದು ಎಣಿಸಿದರು. ಆ ಮುಖಗಳು 315 ಮಿಲಿಸೆಕೆಂಡು ಪರದೆಯ ಮೇಲಿದ್ದವು; ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತಿದ್ದವು. ಅಲ್ಲಿ ಗುಪ್ತವಾಗಿದ್ದದ್ದು ಮುಖವಲ್ಲ, ಅಳತೆಯ ಉದ್ದೇಶ. ಬೇಲರ್ ಪ್ರಯೋಗದಲ್ಲಾದರೋ ಪ್ರೈಮಿಂಗ್ ಅಳತೆಗೋಲಲ್ಲ, ಕಾರಣ. ಅಳತೆಯಾದದ್ದು ಬಳಿಕ ಕೊಟ್ಟ ಪ್ರಶ್ನಾವಳಿಗಳಿಂದ. ಮೊದಲ ಅಧ್ಯಯನದ ಪ್ರಶ್ನಾವಳಿ ತನ್ನ ಉದ್ದೇಶವನ್ನು ಮರೆಮಾಚಿತ್ತು; ಎರಡನೆಯದು ಆಫ್ರಿಕನ್ ಅಮೆರಿಕನ್ನರ ಕುರಿತಾದ ಭಾವನೆಯನ್ನು ನೇರವಾಗಿಯೇ ಕೇಳಿತು.

ಆ ಎರಡನೆಯ ಅಧ್ಯಯನವೇ ನಮಗೆ ಹೆಚ್ಚು ವಿಚಾರಾರ್ಹವೆನಿಸುತ್ತದೆ. ಪದಗಳನ್ನು ಮರೆಯಲ್ಲಿ ತೋರಿಸಲಾಯಿತು, ನಿಜ. ಆದರೆ ಉತ್ತರವನ್ನು ಕೊಟ್ಟದ್ದು ಎಚ್ಚರವಿದ್ದ ಮನುಷ್ಯ, ತನ್ನ ಕೈಯಿಂದ, ಪ್ರಶ್ನೆಯನ್ನು ಓದಿಕೊಂಡು. ಹಾಗಿರುವಾಗ ಈ ಲೇಖನವನ್ನು 'ಸುಪ್ತ ಪೂರ್ವಗ್ರಹ'ದ ಸಾಕ್ಷ್ಯವೆಂದು ಹೆಸರಿಸುವುದು ಸರಿಯಲ್ಲ.

ಫಲಿತಾಂಶದ ಅರ್ಥವೂ ಅಷ್ಟು ಸುಲಭವಲ್ಲ. ಕ್ರೈಸ್ತ ಪದಗಳನ್ನು ಹೋಲಿಸಿದ್ದು ಸಾಧಾರಣ ಪದಗಳೊಡನೆ ಮಾತ್ರ. ದೇಶದ ಧ್ವಜವನ್ನೋ ಸ್ವಂತ ಕುಟುಂಬವನ್ನೋ ನೆನಪಿಸುವ ಪದಗಳನ್ನು ಮಿಂಚಿಸಿದ್ದರೆ ಇದೇ ಫಲ ಬರುತ್ತಿತ್ತೋ? ಬರುತ್ತಿದ್ದರೆ, ಎಚ್ಚೆತ್ತದ್ದು ಕ್ರಿಸ್ತನ ನೆನಪಲ್ಲ, 'ನಮ್ಮವರು' ಎಂಬ ಗುಂಪಿನ ನೆನಪು. ಟೆಕ್ಸಾಸಿನ ಯುವಕನಿಗೆ 'ಚರ್ಚ್' ಎಂಬ ಪದ ಊರಿನ ಕಟ್ಟಡವನ್ನು, ತಂದೆತಾಯಿಯನ್ನು, ಮನೆಯವರು ಮತ ಹಾಕುವ ಪಕ್ಷವನ್ನು ಒಟ್ಟಿಗೆ ಎಳೆದು ತರಬಹುದು. ಅದೇ ಪದ ಅಲಬಾಮಾದ ಕಪ್ಪು ಜನರ ಸಭೆಯಲ್ಲಿ ಬಿಡುಗಡೆಯ ಹಾಡನ್ನು ತರುತ್ತದೆ. ಪದವೇ ನಂಬಿಕೆಯಲ್ಲ. ಕೆಲವು ಮಿಲಿಸೆಕೆಂಡುಗಳಲ್ಲಿ ನಂಬಿಕೆಯನ್ನು ಎಚ್ಚರಿಸಿದೆವೆಂದು ಹೇಳುವವರು, ರೋಮಾಪುರದವರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಪೌಲನು ಕೇಳುವಿಕೆಗೆ ಕೊಟ್ಟ ಸ್ಥಾನವನ್ನು ಒಮ್ಮೆ ನೋಡಬೇಕು.

ವಿಧಾನದ ಮೇಲಿನ ಸಂದೇಹ ಮನಶ್ಶಾಸ್ತ್ರದ ಒಳಗಿನಿಂದಲೇ ಎದ್ದಿದೆ. ವೃದ್ಧಾಪ್ಯವನ್ನು ಸೂಚಿಸುವ ಪದಗಳಿಂದ ಯುವಕರ ನಡಿಗೆ ನಿಧಾನವಾಗುತ್ತದೆಂದು ಜಾನ್ ಬಾರ್ಗ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗ 2012ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರ ಕೈಯಲ್ಲಿ ಮರುಕಳಿಸಲಿಲ್ಲ. ಅದೇ ವರ್ಷ ನೊಬೆಲ್ ಪುರಸ್ಕೃತ ಡೇನಿಯಲ್ ಕಾನೆಮನ್ ಈ ಕ್ಷೇತ್ರದವರಿಗೆ ಬಹಿರಂಗ ಪತ್ರ ಬರೆದು ಎಚ್ಚರಿಸಿದರು. ಸಭೆಗೆ ಪ್ರಿಯವಾಗಿದ್ದ ಒಂದು ಸಂಶೋಧನೆಗೂ ಇದೇ ಗತಿ ಬಂತು. ದೇವರನ್ನು ನೆನಪಿಸುವ ಪದಗಳಿಂದ ಅಪರಿಚಿತರಿಗೆ ಹಣ ಕೊಡುವ ಔದಾರ್ಯ ಹೆಚ್ಚುತ್ತದೆಂದು ಶರೀಫ್ ಮತ್ತು ನೊರೆನ್ಜಯಾನ್ 2007ರಲ್ಲಿ ತೋರಿಸಿದ್ದರು. 2015ರಲ್ಲಿ ಗೋಮ್ಸ್ ಮತ್ತು ಮೆಕಲೊ ಯೋಜನೆಯನ್ನು ಮೊದಲೇ ನೋಂದಾಯಿಸಿ ಮಾಡಿದ ಮರುಪ್ರಯೋಗದಲ್ಲಿ ಅದು ಕಾಣಲಿಲ್ಲ. ಇವೆರಡರಲ್ಲೂ ಪದಗಳು ಕಣ್ಣಿಗೆ ಕಾಣುತ್ತಿದ್ದವು. ಕಾಣುವ ಪದಗಳ ಪಾಡೇ ಹೀಗಾದರೆ ಕಾಣದ ಪದಗಳ ಮೇಲೆ ಭಾರ ಹೇರುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮ್ಮನ್ನು ಹೊಗಳುವ ಪ್ರಯೋಗವನ್ನು ಉಲ್ಲೇಖಿಸಿ, ತೆಗಳುವ ಪ್ರಯೋಗಕ್ಕೆ ಮಾತ್ರ ವಿಧಾನದೋಷವನ್ನು ಹುಡುಕುವುದು ಪ್ರಾಮಾಣಿಕತೆಯಲ್ಲ. ಪ್ರಸಂಗ ಸಿದ್ಧಪಡಿಸುವವರಲ್ಲಿ ಈ ಚಾಳಿ ಅಪರೂಪವೇನೂ ಅಲ್ಲ.

ಮತ್ತೊಂದು ತೊಡಕು ಗುಂಪನ್ನು ಬಿಟ್ಟು ವ್ಯಕ್ತಿಯ ಕಡೆಗೆ ತಿರುಗಿದಾಗ ಎದುರಾಗುತ್ತದೆ. ಈ ಬಗೆಯ ಪರೀಕ್ಷೆಯಲ್ಲಿ ಸಿಗುವ ಅಂಕ ಪ್ರತಿಕ್ರಿಯೆಯ ವೇಗಗಳ ನಡುವಣ ಅತಿ ಸಣ್ಣ ಅಂತರ. ಒಬ್ಬನೇ ವ್ಯಕ್ತಿ ಇಂದು ಪಡೆದ ಅಂಕ ಮುಂದಿನ ವಾರ ಬದಲಾಗಬಹುದು. ಫೋರ್ಶರ್ ಮತ್ತು ಸಂಗಡಿಗರು 2019ರಲ್ಲಿ 492 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಅವ್ಯಕ್ತ ಮನೋಭಾವದ ಅಂಕಗಳನ್ನು ಬದಲಾಯಿಸಬಹುದಾದರೂ ಆ ಬದಲಾವಣೆಯಿಂದ ನಡತೆ ಬದಲಾಯಿತೆಂಬುದಕ್ಕೆ ಆಧಾರ ದೊರೆಯಲಿಲ್ಲ. ಸಭಾಸೇವೆಗೆ ಅಭ್ಯರ್ಥಿಗಳನ್ನು ಆರಿಸುವಲ್ಲಿ ಇಂಥ ಪರೀಕ್ಷೆಗಳನ್ನು ಬಳಸಬಹುದೆಂಬ ಆಲೋಚನೆ ಯಾರಿಗಾದರೂ ಇದ್ದರೆ, ಅದನ್ನು ನಾವು ಒಪ್ಪಲಾರೆವು.

ಮನುಷ್ಯನ ಒಳಗು ಅವನಿಗೇ ಮರೆಯಾಗಿದೆ ಎಂಬ ಮಾತು ಸಭೆಗೆ ಹೊಸದಲ್ಲ. ಕೀರ್ತನೆಗಾರನು ಹತ್ತೊಂಬತ್ತನೆಯ ಕೀರ್ತನೆಯಲ್ಲಿ ತನಗೆ ಮರೆಯಾದ ತಪ್ಪುಗಳಿಂದ ಶುದ್ಧಿಯನ್ನು ಬೇಡುತ್ತಾನೆ. 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣದ ಹನ್ನೊಂದನೆಯ ಕಲಮು ಅದೇ ಕೀರ್ತನೆಯನ್ನು ಆಧರಿಸಿ, ಪಾಪನಿವೇದನೆಯಲ್ಲಿ ಎಲ್ಲ ಪಾಪಗಳನ್ನೂ ಎಣಿಸಿ ಹೇಳುವುದು ಅಗತ್ಯವಲ್ಲ, ಸಾಧ್ಯವೂ ಅಲ್ಲ ಎಂದಿತು. ಗಮನಿಸಬೇಕಾದ ಅಂಶವಿದು: ಸುಧಾರಕರು ಅಲ್ಲಿಂದ ಮುಂದೆ ಒಳಗನ್ನು ಅಗೆದು ನೋಡುವ ಹೊಸ ಸಾಧನವನ್ನು ಹುಡುಕಲಿಲ್ಲ, ಪಾಪವಿಮೋಚನೆಯ ಮಾತನ್ನು ಗಟ್ಟಿಗೊಳಿಸಿದರು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ತನ್ನ ಮನಸ್ಸಾಕ್ಷಿಯ ನಿರಾಳತೆಯನ್ನೂ ತನ್ನ ನಿರ್ದೋಷಕ್ಕೆ ಆಧಾರವೆಂದು ಒಪ್ಪುವುದಿಲ್ಲ. ಗುಂಡಿ ಒತ್ತಿದ ವೇಗಕ್ಕೆ ಆ ಸ್ಥಾನ ಕೊಡಲು ನಮಗೆ ಅಧಿಕಾರವೆಲ್ಲಿದೆ?

ಆದರೆ ವಿಧಾನ ದುರ್ಬಲವೆಂದ ಮಾತ್ರಕ್ಕೆ ಆರೋಪ ಬಿದ್ದುಹೋಗುವುದಿಲ್ಲ. ದಕ್ಷಿಣ ಬ್ಯಾಪ್ಟಿಸ್ಟರು 1995ರ ನಿರ್ಣಯದಲ್ಲಿ ಗುಲಾಮಗಿರಿಗೂ ಜನಾಂಗೀಯತೆಗೂ ತಾವು ಕೊಟ್ಟ ಬೆಂಬಲಕ್ಕಾಗಿ ಕ್ಷಮೆ ಬೇಡಿದಾಗ ಅವರಿಗೆ ಪ್ರಯೋಗಾಲಯದ ಸಾಕ್ಷ್ಯ ಬೇಕಾಗಿರಲಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಮಾರ್ಟಿನ್ ಲೂಥರ್ ಕಿಂಗ್ ಉತ್ತರಿಸಿದ್ದು ಎಂಟು ಮಂದಿ ಧರ್ಮಗುರುಗಳು ತಮ್ಮ ಹೆಸರು ಹಾಕಿ ಪ್ರಕಟಿಸಿದ ಹೇಳಿಕೆಗೆ. ಅಲ್ಲಿ ಹೊಸ್ತಿಲ ಕೆಳಗೆ ಅಡಗಿದ್ದದ್ದು ಏನೂ ಇರಲಿಲ್ಲ.

ನಮ್ಮ ಆತಂಕವೂ ಇದೇ ದಿಕ್ಕಿನದು. 'ಅರಿಯದ ಪೂರ್ವಗ್ರಹ' ಎಂಬ ಮಾತು ನಮ್ಮ ನಾಡಿನ ಸಭೆಗಳಿಗೂ ಬರತೊಡಗಿದೆ. ಜಾತಿಯ ವಿಷಯಕ್ಕೆ ಅದನ್ನು ಅನ್ವಯಿಸಿದ ಕೂಡಲೇ, ತಿಳಿದೇ ಮಾಡುವುದು ತಿಳಿಯದೆ ಆಗುವುದರ ವೇಷ ಹಾಕಿಕೊಳ್ಳುತ್ತದೆ. ಮದುವೆಯ ಮಾತುಕತೆಯಲ್ಲಿ ದೀಕ್ಷಾಸ್ನಾನದ ಹಿಂದಿನ ಜಾತಿಯನ್ನು ವಿಚಾರಿಸುವ ಹಿರಿಯರು ಎಚ್ಚರದಲ್ಲೇ ಇರುತ್ತಾರೆ. ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾರೆ, ಉತ್ತರ ಬರುವವರೆಗೆ ಕಾಯುತ್ತಾರೆ. ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಪಕ್ಷಪಾತವನ್ನು ಹುಡುಕಿದ್ದು ಯಾರ ಅಂತರಂಗದಲ್ಲೂ ಅಲ್ಲ: ಚಿನ್ನದ ಉಂಗುರದವನಿಗೆ ಯಾವ ಆಸನ, ಕೊಳಕು ಬಟ್ಟೆಯ ಬಡವನಿಗೆ ಯಾವ ಜಾಗ ಎಂಬುದರಲ್ಲಿ.